ಗಲ್ಲಾದ ಹಿಂದಿನ ಗೋಡೆ

ಜೂನ್ 3, ಮಂಗಳವಾರ

ಇವತ್ತು ನನ್ನ ಗರ್ಭಕೋಶ ಖುಲಾಸೆಯಾಯಿತು.

ನಾಲ್ಕು ವರ್ಷಗಳಿಂದ ಕಟಕಟೆಯಲ್ಲಿ ನಿಂತಿದ್ದ ಈ ಬಡಪಾಯಿ ಅಂಗದ ಮೇಲೆ ಹೊರಿಸದ ಆರೋಪವಿಲ್ಲ. ಒಬ್ಬರು ಅದಕ್ಕೆ ಶೀತವಾಗಿದೆ ಎಂದರು, ಇನ್ನೊಬ್ಬರು ಉಷ್ಣವಾಗಿದೆ ಎಂದರು. ಎರಡು ಸಲ ಐವಿಎಫ್ ಮಾಡಿಸಿ ಎರಡು ಸಲವೂ ಭ್ರೂಣ ನಿಲ್ಲದೆ ಹೋದಾಗ ಅತ್ತೆ ಪ್ರೇಮಾವತಿಯವರು "ಪಾಪ, ಅವಳಿಗೆ ಹಿಡಿದಿಟ್ಟುಕೊಳ್ಳಲಿಕ್ಕೆ ಬರುದಿಲ್ಲ" ಎಂದು ನಾವಿರುವ ಈ ಖರಾಡಿಯ ಪರಿಚಯಸ್ಥರಿಗೆಲ್ಲ ಹೇಳಿಕೊಂಡು ಬಂದರು, ಲೋಟ ಕೈಜಾರಿಸುವ ಸೊಸೆಯ ಬಗ್ಗೆ ಹೇಳಿದ ಹಾಗೆ. ನಾನು ಪಪ್ಪಾಯಿ ಬಿಟ್ಟೆ. ಅನಾನಸು ಬಿಟ್ಟೆ. ಮಗರಪಟ್ಟಾದ ಅಕೌಂಟ್ಸ್ ಕೆಲಸ ಬಿಟ್ಟೆ, ಕುರ್ಚಿಯಲ್ಲಿ ಕೂತರೆ ಗರ್ಭ ಮಡಚಿಕೊಳ್ಳುತ್ತದೆಯಂತೆ. ಗೋಡೆಗೆ ಕಾಲು ಆನಿಸಿ ಬಾವಲಿಯ ಚಿಕ್ಕಮ್ಮನ ಹಾಗೆ ಮಲಗಿದೆ.

ಈ ಅವಧಿಯಲ್ಲಿ ನನ್ನ ಪತಿ ಸುಖೇಶರು ಏನು ಬಿಟ್ಟರು? ಸಿಗರೇಟಿನ ಹೊಗೆ ಬಿಟ್ಟರು, ದಿನವೂ, ಹೋಟೆಲಿನ ಹಿಂಬಾಗಿಲಲ್ಲಿ. ಅವರ ಪರೀಕ್ಷೆ ಮೊದಲನೇ ವರ್ಷವೇ ಮುಗಿದಿತ್ತು: ವೀರ್ಯಾಣುಗಳ ಸಂಖ್ಯೆ ಭರ್ತಿ, ಓಟವೂ ಭರ್ಜರಿ. ಆ ದಿನ ಮಾವ ಮೋಹನದಾಸರು ನಮ್ಮ 'ಶಾಂಭವಿ' ಹೋಟೆಲಿನ ಸಿಬ್ಬಂದಿಗೆಲ್ಲ ಶೀರಾ ಹಂಚಿಸಿದ್ದರು. ಕಾರಣ ಯಾರಿಗೂ ಹೇಳಲಿಲ್ಲ. ಮುಖ ನೋಡಿದರೆ ಸಂಖ್ಯೆ ಸ್ವತಃ ಅವರದ್ದೇ ಇದ್ದ ಹಾಗಿತ್ತು.

ಈಗಿನ ಡಾಕ್ಟರ್ ಪರಾಂಜಪೆ ಮೇಡಂ ಮಾತ್ರ ಶೀರಾಕ್ಕೆ ಮರುಳಾಗುವ ಹೆಂಗಸಲ್ಲ. ಎಣಿಸಿದ್ದು ಸಾಕು, ಒಳಗೇನಿದೆ ನೋಡೋಣ ಎಂದು ಬೇರೆಯೇ ಪರೀಕ್ಷೆ ಬರೆದುಕೊಟ್ಟಿದ್ದರು. ಇವತ್ತು ಕರೆದು ಕೂರಿಸಿ ಹೇಳಿದರು: ವೀರ್ಯಾಣುಗಳು ಸಾಕಷ್ಟಿವೆ, ಓಡುತ್ತವೆ, ಆದರೆ ಬಹುಪಾಲು ವೀರ್ಯಾಣುಗಳೊಳಗಿನ ಡಿಎನ್‌ಎ ಎಳೆ ತುಂಡು ತುಂಡಾಗಿದೆ. ಭ್ರೂಣ ಮೊದಲೆರಡು ದಿನ ತಾಯಿಯ ಅಂಡಾಣುವಿನ ಬಂಡವಾಳದಲ್ಲೇ ಬೆಳೆಯುತ್ತದೆ, ಸಣ್ಣಪುಟ್ಟ ಹರಕನ್ನು ಅಂಡಾಣುವೇ ಹೊಲಿದುಕೊಳ್ಳುತ್ತದೆ. ಹರಕು ದೊಡ್ಡದಾಗಿದ್ದರೆ ತಂದೆಯ ಪಾಲಿನ ಕೆಲಸ ಶುರುವಾಗುವ ಹೊತ್ತಿಗೆ ಕುಸಿಯುತ್ತದೆ.

ಅಂದರೆ ಏನು? ಪಾರ್ಸೆಲ್ ಹುಡುಗರು ಹೆಲ್ಮೆಟ್ ಹಾಕಿಕೊಂಡು ಸಾಲಾಗಿ, ಶಿಸ್ತಾಗಿ ಓಡಿ ಬಂದಿದ್ದಾರೆ. ಡಬ್ಬಿಯೊಳಗಿನ ಸಾಂಬಾರು ಮಾತ್ರ ದಾರಿಯಲ್ಲೇ ಚೆಲ್ಲಿದೆ. ಇಷ್ಟು ವರ್ಷ ಬೈಸಿಕೊಂಡವಳು ಬಾಗಿಲು ತೆರೆದವಳು.

"ಮಿಸ್ಟರ್, ತುಮ್ಹಿ ದಿವಸಭರ ಕುಠೆ ಬಸತಾ?" ಎಂದು ಮೇಡಂ ಮರಾಠಿಯಲ್ಲಿ ಕೇಳಿದರು. ದಿನವಿಡೀ ಎಲ್ಲಿ ಕೂರುತ್ತೀರಿ, ಬಿಸಿಯ ಹತ್ತಿರವೇ?

"ಛೆ ಛೆ, ನಾನು ಅಡುಗೆಮನೆಗೇ ಹೋಗುವುದಿಲ್ಲ. ಗಲ್ಲಾದಲ್ಲಿ ಕೂತು ಬಿಲ್ಲು ನೋಡುವವನು" ಎಂದರು ನಮ್ಮವರು, ಎದೆಯುಬ್ಬಿಸಿ.

"ಗಲ್ಲಾದ ಹಿಂದಿನ ಗೋಡೆಯ ಆಚೆ ಏನಿದೆ ಎಂದು ಡಾಕ್ಟರಿಗೆ ಹೇಳಿ" ಎಂದೆ ನಾನು.

ಆಚೆ ತಂದೂರ್ ಭಟ್ಟಿ ಇದೆ. ಬೆಳಗ್ಗೆ ಹೊತ್ತಿಸಿದರೆ ಬಾಗಿಲು ಹಾಕುವವರೆಗೆ ಆರುವುದಿಲ್ಲ. ಗೋಡೆ ಕಾದು, ಗೋಡೆಗೆ ಕಚ್ಚಿಸಿದ ಗ್ರಾನೈಟ್ ಕಟ್ಟೆ ಕಾದು, ಕಟ್ಟೆಯ ಮೇಲೆ ಬಿಗಿ ಜೀನ್ಸ್ ತೊಟ್ಟು ಕೂತ ಯಜಮಾನನೂ ಕಾಯುತ್ತಾನೆ. ಏಳು ವರ್ಷದ ಹಿಂದೆ ಆ ಜಾಗವನ್ನು ಆರಿಸಿದವರು ಊರಿನಿಂದ ಅತ್ತೆ ಕರೆಸಿದ ವಾಸ್ತುವಿನವರು. ನೈರುತ್ಯ ಮೂಲೆ, ಉತ್ತರಕ್ಕೆ ಮುಖ. ಧನವೃದ್ಧಿ, ವಂಶವೃದ್ಧಿ!

ಮೂರು ತಿಂಗಳು ಬಿಸಿ ಇಲ್ಲ, ಸಿಗರೇಟ್ ಇಲ್ಲ, ಬಿಗಿ ಬಟ್ಟೆ ಇಲ್ಲ. ಹೊಸ ವೀರ್ಯಾಣು ತಯಾರಾಗಲು ಅಷ್ಟು ಕಾಲ ಬೇಕು. ಆಮೇಲೆ ಇನ್ನೊಂದೇ ಪ್ರಯತ್ನ. ನಿಮಗೆ ಮೂವತ್ತೆಂಟು, ಇದರ ನಂತರ ಮತ್ತೆ ಮಾಡಿ ಎಂದು ಒತ್ತಾಯಿಸಲಾರೆ ಎಂದರು ಮೇಡಂ.

ಲಿಫ್ಟಿನಲ್ಲಿ ಸುಖೇಶರು ನನ್ನ ಕೈ ಹಿಡಿದರು. "ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ."

"ನಾನ್ಯಾಕೆ ಹೇಳ್ಲಿ?" ಎಂದೆ, ಸಕ್ಕರೆ ಹಾಕಿ.

ಎಲೈ ದಿನಚರಿಯೇ, ನಾಲ್ಕು ವರ್ಷ "ಅವಳಿಗೆ ಬರುದಿಲ್ಲ" ಎಂಬ ಮಾತನ್ನು ಪಕ್ಕದಲ್ಲೇ ಕೂತು ಕೇಳಿ, ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು ನೋಡಿದ ಮನುಷ್ಯ ಈತ. ಅತ್ತೆಯ ಬಾಯಿಂದ, ನೆಂಟರ ಎದುರು, "ಭವ್ಯಶ್ರೀಯದ್ದು ತಪ್ಪಿಲ್ಲ" ಎಂದು ಹೇಳಿಸದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ. ಮಗು ಬೇಕು. ಅದರ ಜೊತೆಗೆ ಇದೂ ಬೇಕು. ಯಾವುದು ಮೊದಲು ಎಂದು ಕೇಳಬೇಡ.

ಜೂನ್ 5, ಗುರುವಾರ

ಹೊಸ ಆರೋಪಿಯನ್ನು ಗಲ್ಲಾದಿಂದ ಎಬ್ಬಿಸುವುದು ಹೇಗೆ? ಕಾರಣ ಹೇಳಬೇಕಲ್ಲ. ತಿಂಡಿಯ ಹೊತ್ತಿಗೆ ಸುಖೇಶರು ನೀರುದೋಸೆಯನ್ನು ತಟ್ಟೆಯಲ್ಲಿ ಸುತ್ತ ತಿರುಗಿಸುತ್ತ, "ಅಪ್ಪ, ಸ್ವಲ್ಪ ದಿನ ನಾನು ಗಲ್ಲಾದಲ್ಲಿ ಕೂರುದಿಲ್ಲ" ಎಂದರು.

ಮಾವನ ಕೈಯ ಲೋಟ ಅಲ್ಲೇ ನಿಂತಿತು. "ಕೂರುದಿಲ್ಲವಾ? ಎಂತಕ್ಕೆ? ಗಲ್ಲಾ ಬೇರೆಯವರಿಗೆ ಕೊಡ್ಲಿಕ್ಕುಂಟಾ?"

"ಅದು... ಒಂದು ತೊಂದರೆ..."

"ಎಂಥ ತೊಂದರೆ, ಹೇಳಾ."

ಪತಿದೇವರು ನನ್ನತ್ತ ನೋಡಿದರು. ಮುಳುಗುವವನು ದಡದಲ್ಲಿ ಕೂತವಳನ್ನು ನೋಡುವ ಹಾಗೆ. ಪತಿವ್ರತೆಯಾದ ನಾನು ಕೈ ಚಾಚಿದೆ.

"ಮಾವ, ಹೇಳ್ಬೇಡ ಅಂದಿದ್ರು. ಅವರಿಗೆ ಮೂಲವ್ಯಾಧಿ."

ಅಲ್ಲ ಎನ್ನಬೇಕಾದರೆ ಹೌದಾದ್ದನ್ನು ಹೇಳಬೇಕು! ಸುಖೇಶರು ನೀರುದೋಸೆ ನುಂಗಿದರು.

"ಅಯ್ಯೋ ನನ್ನ ಮಗನೇ! ಉಷ್ಣ ಅದು, ಶುದ್ಧ ಉಷ್ಣ!" ಎಂದು ಅತ್ತೆ ಆಗಲೇ ಎದ್ದು ನಿಂತಿದ್ದರು. "ನಾಳೆಯಿಂದ ಸುವರ್ಣಗೆಡ್ಡೆ. ದಿನಾ. ಖಾರ ಬಂದ್. ಮಧ್ಯಾಹ್ನ ಟಬ್ಬಿನಲ್ಲಿ ತಣ್ಣೀರು ಹಾಕಿ ಕೂತ್ಕೋ."

ಆಹಾ! ತಣ್ಣೀರು, ಸಡಿಲ ಲುಂಗಿ, ತಂಪಾದ ಜಾಗ. ರೋಗ ಸುಳ್ಳಾದರೂ ಪಥ್ಯ ಪಕ್ಕಾ. ಪರಾಂಜಪೆ ಮೇಡಂ ಕೂಡ ಇಷ್ಟು ಮುತುವರ್ಜಿಯಿಂದ ಬರೆದುಕೊಟ್ಟಿರಲಿಲ್ಲ.

ಇನ್ನು ಗಲ್ಲಾ. ಮಾವನಿಗೆ ಊಟದ ನಂತರ ಕೂತಲ್ಲೇ ನಿದ್ರೆ. ಹೊರಗಿನವರಿಗೆ ಕೊಡುವ ಹಾಗಿಲ್ಲ. "ನಾನು ಕೂರ್ತೇನೆ" ಎಂದೆ. ನಮ್ಮ ಮನೆತನದಲ್ಲಿ ಹೆಂಗಸರು ಗಲ್ಲಾಕ್ಕೆ ಪೂಜೆಯ ದಿನ ಕುಂಕುಮ ಹಚ್ಚಿದ್ದಷ್ಟೇ, ಕೂತ ದಾಖಲೆ ಇಲ್ಲ. ಅತ್ತೆ ಏನೋ ಹೇಳಹೊರಟರು. ಮಗನ ನೋವು ನೆನಪಾಗಿ ಟಬ್ಬು ತೊಳೆಯಲು ಹೋದರು.

ಜೂನ್ 9, ಸೋಮವಾರ

ಗಲ್ಲಾರೋಹಣವಾಯಿತು.

ಮಾವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಾನು ಡ್ರಾಯರ್ ಎಳೆದಾಗಲೆಲ್ಲ ಕೆಮ್ಮಿದರು. ಐಟಿ ಕಂಪೆನಿಗಳ ಊಟದ ಹೊತ್ತು ಶುರುವಾದದ್ದೇ, ಕೊರಳಲ್ಲಿ ಗುರುತಿನ ಚೀಟಿ ತೂಗುವ ಹುಡುಗ ಹುಡುಗಿಯರು ಕ್ಯೂ ಆರ್ ಕೋಡಿಗೆ ಫೋನು ಹಿಡಿದು "ವಹಿನಿ, ಝಾಲಂ ಕಾ?", ಅತ್ತಿಗೆ, ದುಡ್ಡು ಬಂತಾ, ಎಂದು ಕೇಳುತ್ತ ನುಗ್ಗಿದರು. ಮಾವ ಯಾವಾಗ ಕೆಮ್ಮು ನಿಲ್ಲಿಸಿ ನಿದ್ರೆಹೋದರೋ ಗೊತ್ತಾಗಲಿಲ್ಲ.

ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್ ಮಾಂತು ವಿಜಯಪುರದ ಕಡೆಯವನು. ಸಂಜೆ ಬಂದು ಕಟ್ಟೆಗೆ ಒರಗಿ, "ಅಕ್ಕಾರ, ನೀವು ಕುಂತಿದ್ದಕ್ಕ ಗಲ್ಲಾಕ್ಕ ಕಳಿ ಬಂದದ ನೋಡ್ರಿ. ಸಾಹೇಬ್ರು ಕುಂತಾಗ ಗಿರಾಕಿ ಚಿಲ್ಲರ ಕೇಳಾಕೂ ಅಂಜತಿದ್ರು" ಎಂದ.

"ಯಾಕೋ?"

"ಮುಖ ಯಾವಾಗಲೂ ಸುಟ್ಟಬದನಿಕಾಯಿ ಇದ್ದಂಗ ಇರ್ತಿತ್ತಲ್ರಿ."

ಮುಖವೊಂದೇ ಅಲ್ಲಪ್ಪ ಎಂದುಕೊಂಡೆ.

ಆದರೆ ಆ ಗೋಡೆ! ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟದ ಮೇಲೆ ರೋಟಿ ಬೇಯಿಸಬಹುದಿತ್ತು. ನನಗೇನೂ ಅಪಾಯವಿಲ್ಲವೇ ಎಂದು ಮೇಡಂಗೆ ಫೋನು ಮಾಡಿದೆ. "ನಿಮ್ಮದು ಒಳಗಿದೆ, ಅವರದು ಹೊರಗಿದೆ. ಆದರೂ ಬೆನ್ನಿಗೆ ಏನಾದರೂ ಇಟ್ಟುಕೊಳ್ಳಿ" ಎಂದು ಫೋನಿಟ್ಟರು. ಥರ್ಮೋಕೋಲ್ ತರಿಸಿ ಬೆನ್ನಿಗೂ ಬುಡಕ್ಕೂ ಕೊಟ್ಟುಕೊಂಡೆ. ಹೀಗೊಂದು ಹಾಳೆ ಇಟ್ಟುಕೊಳ್ಳಲು ಏಳು ವರ್ಷದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವಾಸ್ತು ಕೆಡುತ್ತದೆಂದು ಸುಖೇಶನೂ ತುಟಿ ಪಿಟಕ್ಕೆನ್ನದೆ ಬೆಂದ. ದಡ್ಡ.

ಜೂನ್ 22, ಭಾನುವಾರ

ಸೀರೆಯನ್ನೂ ಬದಲಾಯಿಸದೆ ಬರೆಯಲು ಕೂತಿದ್ದೇನೆ, ಅಕ್ಷರ ವಕ್ರವಾದರೆ ಆಗಲಿ.

ಹಡಪಸರದ ಸಭಾಂಗಣದಲ್ಲಿ ಸುಹಾಸನ ಮಗುವಿನ ತೊಟ್ಟಿಲ ಶಾಸ್ತ್ರ. ಸುಹಾಸ, ಠಾಣೆ ಎಂಬ ಊರಿನಲ್ಲಿರುವ ಚಿಕ್ಕಮ್ಮನ ಮಗ. ಚಿಕ್ಕಮ್ಮ ಅತ್ತೆಯ ಖಾಸಾ ತಂಗಿ. ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತು ಮಗುವನ್ನು ಅದರ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಸರದಿ ಬಂತು, ಕೈ ಚಾಚಿದೆ. ಚಿಕ್ಕಮ್ಮ ಮಗುವನ್ನು ನನ್ನ ಕೈಯ ಮೇಲಿಂದ ದಾಟಿಸಿ ಆಚೆಯವಳಿಗೆ ಕೊಟ್ಟರು. "ಭವ್ಯಾ, ನೀನು ಸ್ವಲ್ಪ ಪಾಯಸ ಎಲ್ಲಿಗೆ ಬಂತು ನೋಡು ಮಗಾ."

ಅತ್ತೆ ಅಲ್ಲೇ ಇದ್ದರು. "ಹೌದು, ಹೋಗು ಹೋಗು" ಎಂದರು.

ಪಾಯಸ ನೋಡಿದೆ. ಪಾಯಸ ಕುದಿಯುತ್ತಿತ್ತು.

ತೀರ್ಮಾನವಾಯಿತು. ಚೌತಿಯ ದಿನ ಠಾಣೆಯವರೂ ಸೇರಿ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಎಲೆಗೆ ಬಡಿಸಿದ ಮೇಲೆ, ಯಾರೂ ಎದ್ದು ಹೋಗಲಾಗದ ಹೊತ್ತಿನಲ್ಲಿ, ನಾನು ಭಾಷಣ ಮಾಡುತ್ತೇನೆ. ಸುಖೇಶರ ಒಳ ಎಳೆಗಳ ಸಂಪೂರ್ಣ ವಿವರ, ತಂದೂರಿನ ಸಮೇತ.

ಜುಲೈ 8, ಮಂಗಳವಾರ

ಸುವರ್ಣಗೆಡ್ಡೆ ಪಲ್ಯ. ಆರೋಪಿ ಎರಡು ಸಲ ಹಾಕಿಸಿಕೊಳ್ಳಬೇಕಾಯಿತು. ಸಂತೋಷ.

ಜುಲೈ 10, ಗುರುವಾರ

ಸುವರ್ಣಗೆಡ್ಡೆ ಹುಳಿ.

ಜುಲೈ 20, ಭಾನುವಾರ

ನಾಲ್ಕು ವರ್ಷ ನನಗೆ ಸಿಕ್ಕಿದ್ದೆಲ್ಲ ಬಡ್ಡಿ ಸಮೇತ ಆತನಿಗೆ ಸಿಗುತ್ತಿದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೂಲವ್ಯಾಧಿಯೇ ಮೂಲ ವಿಷಯ. ಚಿಕ್ಕಮ್ಮ ದಿನಾ ಬೆಳಗ್ಗೆ ವಿಡಿಯೊ ಕರೆ ಮಾಡಿ "ಇವತ್ತು ಹೇಗಾಯ್ತು ಮಗಾ?" ಎಂದು ಕೇಳುತ್ತಾರೆ. ಪಕ್ಕದ ಬೀದಿಯ ಹೋಟೆಲಿನ ಮನೋಹರಣ್ಣ ತಾವು ಬಳಸಿ ಗುಣಮುಖರಾದ ರಬ್ಬರ್ ರಿಂಗನ್ನು ಪ್ರೀತಿಯಿಂದ ಕಳಿಸಿಕೊಟ್ಟಿದ್ದಾರೆ. ಅತ್ತೆ ಗಾಳಿ ತುಂಬಿಸಿಕೊಟ್ಟರು. ಸುಖೇಶ ಅದರ ಮೇಲೆ ವಿರಾಜಮಾನನಾಗಿ ಟಿವಿ ನೋಡುವಾಗ ನಾನು ಎದುರು ಕುರ್ಚಿಯಲ್ಲಿ ಕೂತು ದಾಳಿಂಬೆ ತಿನ್ನುತ್ತೇನೆ. ಸ್ವರ್ಗ ಎಂದರೆ ಹೀಗೇ ಇರಬೇಕು.

"ಭವ್ಯಾ, ಎಷ್ಟು ದಿನ ಇದು?" ಎಂದು ಇವತ್ತು ಕೇಳಿದ.

"ಎರಡು ಸಲ ಭ್ರೂಣ ಹೋದಾಗ ನಾನು ಹೀಗೇ ಕೇಳಿದ್ದೆ. ನೀವು ಏನು ಹೇಳಿದ್ರಿ?"

"ಅಮ್ಮನ ಮಾತು ಮನಸ್ಸಿಗೆ ಹಚ್ಕೋಬೇಡ ಅಂದೆ."

"ಹಚ್ಕೋಬೇಡಿ."

ಆಮೇಲೆ ಎದ್ದು ಹೋಗಿ, ಶೂ ಗೂಡಿನ ಹಿಂದೆ ಬಚ್ಚಿಟ್ಟಿದ್ದ ಸಿಗರೇಟ್ ಪ್ಯಾಕನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ. ಒಡೆದಿರಲಿಲ್ಲ. ಜೂನ್ ತಿಂಗಳಿನಿಂದ ದಿನಾ ಹೋಗಿ ಮುಟ್ಟಿ ಬರುತ್ತಿದ್ದನಂತೆ, ಸೇದಲಿಲ್ಲವಂತೆ. "ಇನ್ನು ಮುಟ್ಲಿಕ್ಕೂ ಬೇಡ ಅನ್ನಿಸ್ತು. ಎಲ್ಲಾದ್ರೂ ಬಿಸಾಡು."

ಇದನ್ನು ಕನಿಕರದಿಂದ ಬರೆಯುತ್ತಿಲ್ಲ. ಬರೀ ದಾಖಲೆಗೆ.

ಆಗಸ್ಟ್ 10, ಭಾನುವಾರ

ಬಹಳ ದಿನ ಬರೆಯಲಾಗಲಿಲ್ಲ. ಗಲ್ಲಾದಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ತಿಂಗಳ ಊಟದ ಕೂಪನ್ ಶುರುಮಾಡಿದ್ದು ನನ್ನ ಯೋಚನೆ. ಮಾವ ಮೊದಲು ಬೇಡವೆಂದರು, ಈಗ ಗಿರಾಕಿಗಳಿಗೆ ಅದು ತಮ್ಮ ಯೋಚನೆ ಎನ್ನುತ್ತಿದ್ದಾರೆ. ಬೆಳಗಿನ ಇಡ್ಲಿ ಬ್ಯಾಚು ಹತ್ತು ನಿಮಿಷ ಮೊದಲೇ ಇಳಿಸಿದರೆ ಕ್ಯಾಬಿಗೆ ಕಾಯುವವರು ಪೂರಾ ನಮ್ಮವರೇ. ಮಾಂತುವಿಗೆ ಹೇಳಿ ಬಾಗಿಲ ಬಳಿ ನಿಂತು ತಿನ್ನುವ ಕಟ್ಟೆ ಹಾಕಿಸಿದೆ. ಇನ್ನು ಆ ಮಳೆ ಬರುವ ಕಡೆ ಒಂದು ತಾಡಪತ್ರಿ ಬೇಕು, ನಾಳೆ ಅಳತೆ ತೆಗೆಸಬೇಕು.

ಇಷ್ಟುದ್ದ ಏನು ಬರೆದೆ? ಭಾಷಣದ ತಯಾರಿ ಬರೆಯಲು ಕೂತಿದ್ದೆ. ನಾಳೆ ಬರೆಯುತ್ತೇನೆ.

ಸುಖೇಶ ಬೆಳಿಗ್ಗೆ ನದಿಯ ಕಡೆ ಓಡಲು ಹೋಗುತ್ತಾನೆ. ಬರುವಾಗ ನನಗೆ ಶೇವಂತಿಗೆ ತರುತ್ತಾನೆ. ಲಂಚ. ತೆಗೆದುಕೊಂಡೆ, ಸೇಡಿಗೂ ಇದಕ್ಕೂ ಸಂಬಂಧವಿಲ್ಲ.

ಆಗಸ್ಟ್ 28, ಗುರುವಾರ

ಕಳುವಾಗಿದೆ. ಹಾಡುಹಗಲೇ, ಗಣಪತಿಯ ಎದುರು, ಇಪ್ಪತ್ತು ಎಲೆಗಳ ಪಂಕ್ತಿಯಲ್ಲಿ, ನನ್ನ ಸೇಡು ಕಳುವಾಗಿದೆ.

ನಿನ್ನೆ ಚೌತಿ. ಹಾಲಿನಲ್ಲಿ ಸೋಫಾ ಎಬ್ಬಿಸಿ ನೆಲಕ್ಕೆ ಎಲೆ ಹಾಕಿದ್ದೆವು. ಸುಖೇಶ ಸಾಲಿನ ನಡುವೆ, ಅತ್ತೆಯ ಆಜ್ಞೆಯಂತೆ ರಬ್ಬರ್ ರಿಂಗಿನ ಮೇಲೆ, ಉಳಿದವರಿಗಿಂತ ನಾಲ್ಕು ಬೆರಳು ಎತ್ತರದಲ್ಲಿ. ನಾನು ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಕಡುಬು ಮುರಿಯುತ್ತ ಪೀಠಿಕೆ ಹಾಕಿಕೊಟ್ಟರು.

"ಹೆಂಗಸು ಗಲ್ಲಾದಲ್ಲಿ ಕೂತ್ರೆ ಬಸಿರು ಎಲ್ಲಿಂದ ನಿಲ್ತದೆ ಭವ್ಯಾ? ಮೊದಲೇ ನಿಂದು ಹಾಗೆ."

ಇದಕ್ಕಿಂತ ಒಳ್ಳೆಯ ಹೊತ್ತು ಉಂಟೇ? ಸೌಟು ಪಾತ್ರೆಗಿಟ್ಟೆ. ಗಂಟಲು ಸರಿಮಾಡಿಕೊಂಡೆ. ಆಗ ಆತ ಮಾತಾಡಿದ.

"ಚಿಕ್ಕಮ್ಮ, ನಂಗೆ ಮೂಲವ್ಯಾಧಿ ಇಲ್ಲ."

ಪಂಕ್ತಿಯಲ್ಲಿ ಕೈಗಳು ನಿಂತವು.

"ಗಲ್ಲಾ ಬಿಟ್ಟದ್ದು ಬೇರೆ ಕಾರಣಕ್ಕೆ. ಮಕ್ಕಳಾಗದ್ದು ನನ್ನಿಂದ. ಆ ಭಟ್ಟಿ ಗೋಡೆಗೆ ಕೂತು ಕೂತು, ಸಿಗರೇಟ್ ಸೇದಿ, ನನ್ನ ವೀರ್ಯಾಣುವಿನ ಡಿಎನ್‌ಎ ಹಾಳಾಗಿದೆ. ಡಾಕ್ಟ್ರು ಟೆಸ್ಟ್ ಮಾಡಿ ಹೇಳಿದ್ದಾರೆ. ಭವ್ಯಂದು ಎಂತದೂ ಇಲ್ಲ. ನಾನು ಮೊದಲೇ ಹೇಳ್ಬೇಕಿತ್ತು."

ನನ್ನ ವಾಕ್ಯಗಳು! ನಾನು ತಿಂಗಳುಗಟ್ಟಲೆ ಕನ್ನಡಿಯ ಎದುರು ತಿದ್ದಿ ತೀಡಿದ ವಾಕ್ಯಗಳನ್ನು ಈ ಮನುಷ್ಯ ಹಾಗೇ ಎತ್ತಿ, ಅಲಂಕಾರವನ್ನೆಲ್ಲ ಕಿತ್ತು, ನಾಲ್ಕೇ ಮಾತಿನಲ್ಲಿ ಮುಗಿಸಿಬಿಟ್ಟ. ಕಿವಿ ಕೆಂಪಾಗಿತ್ತು, ಗೋಡೆ ನೋಡುತ್ತಿದ್ದ.

ಸರಿ, ಕದ್ದರೆ ಕದ್ದ, ಫಲವಾದರೂ ಸಿಗಲಿ ಎಂದು ಅತ್ತೆಯ ಮುಖ ನೋಡಿದೆ. ಅತ್ತೆಯ ಕಣ್ಣಲ್ಲಿ ನೀರು. ಬಂತು, ಬಂತು ಎಂದುಕೊಂಡೆ.

"ನೋಡಿದ್ಯಾ ನನ್ನ ಮಗನನ್ನು!" ಎಂದರು ಅತ್ತೆ ತಂಗಿಗೆ. "ಹೆಂಡತಿ ಮರ್ಯಾದೆ ಉಳಿಸ್ಲಿಕ್ಕೆ ಎಂತೆಂಥ ಸುಳ್ಳು ಹೇಳ್ತಾನೆ! ಇಂಥ ಗಂಡ ಯಾರಿಗೆ ಸಿಗ್ತಾನೆ?"

"ಅಮ್ಮ, ಸುಳ್ಳಲ್ಲ."

"ಸುಮ್ನಿರು. ಮೂಲವ್ಯಾಧಿ ಇಲ್ಲವಂತೆ! ಮತ್ತೆ ಆ ರಿಂಗಿನ ಮೇಲೆ ಯಾಕೆ ಕೂತದ್ದು?"

ಇಪ್ಪತ್ತು ಜನ ರಿಂಗ್ ನೋಡಿದರು. ವಾದ ಮುಗಿಯಿತು. ನಾನೇ ಹೆತ್ತ ಸುಳ್ಳು ಬೆಳೆದು ದೊಡ್ಡದಾಗಿ ನನ್ನ ಕೈಯನ್ನೇ ಕಚ್ಚಿತು. ಆತ ಈಗ ತ್ಯಾಗಮೂರ್ತಿ. ನಾನು, ಗಂಡನಿಂದ ಹಬ್ಬದ ದಿನ ಸುಳ್ಳು ಹೇಳಿಸಿದ ಮಹಾಸಾಧ್ವಿ.

ಇಷ್ಟರಲ್ಲಿ ಠಾಣೆ ಚಿಕ್ಕಪ್ಪ ಹಲ್ಲು ಕಿರಿದು, "ಏನಾ ಸುಖೇಶಾ, ಒಳಗೆಲ್ಲ ತಂದೂರಿ ಆಗಿದ್ಯಾ? ಮೇಲೆ ನಿಂಬೆಹುಳಿ ಹಿಂಡ್ಬೇಕಾ?" ಎಂದರು. ಗಂಡಸರು ನಕ್ಕರು. ಸುಖೇಶ ಎಲೆಯತ್ತ ತಲೆ ತಗ್ಗಿಸಿದ.

ಚಿಕ್ಕಪ್ಪನ ಎಲೆಗೆ ಸಾರು ಬಡಿಸಿದೆ. ಬಿಸಿ ಬಿಸಿ. ಸೌಟಿನ ಮೇಲೆ ಸೌಟು, ಎಲೆ ದಾಟಿ ಮಡಿಲಿಗೆ ಹರಿಯುವವರೆಗೆ. ಅವರು ಹಾರಿದ ಎತ್ತರಕ್ಕೆ ರಿಂಗೇ ಬೇಕಿರಲಿಲ್ಲ. "ಅಯ್ಯೋ ಚಿಕ್ಕಪ್ಪ, ಬಿಸಿ ಆಯ್ತಾ? ಒಂದು ಸೌಟಿಗೇ ಹೀಗಾದ್ರೆ ಏಳು ವರ್ಷ ಕೂತವರಿಗೆ ಹೇಗಾಗಿರ್ಬೇಡ?" ಎಂದೆ. "ನಂಗೆ ಕೈಯಲ್ಲಿ ಹಿಡಿದಿಟ್ಟುಕೊಳ್ಳಲಿಕ್ಕೆ ಬರುದಿಲ್ಲ ನೋಡಿ, ಅತ್ತೆ ಹೇಳಿಲ್ವಾ?"

ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಹೊಳೆಯುತ್ತಿಲ್ಲ. ನಗಬೇಕಾದವಳು ನಾನೇ ಆಗಿದ್ದೆ. ಬಹುಶಃ ನನ್ನ ಆರೋಪಿಯನ್ನು ಬೇರೆಯವರು ಶಿಕ್ಷಿಸುವುದು ನನಗೆ ಹಿಡಿಸುವುದಿಲ್ಲ. ಶಿಕ್ಷೆ ನನ್ನ ಇಲಾಖೆ.

ಸೆಪ್ಟೆಂಬರ್ 5, ಶುಕ್ರವಾರ

ಮರುಪರೀಕ್ಷೆ. ಹರಕು ಅರ್ಧಕ್ಕಿಂತ ಕೆಳಗಿಳಿದಿದೆ. ಪರಾಂಜಪೆ ಮೇಡಂ ಮೊದಲ ಬಾರಿಗೆ ನಕ್ಕರು; ಹಲ್ಲು ಚೆನ್ನಾಗಿವೆ. "ಗ್ಯಾರಂಟಿ ಕೊಡುವುದಿಲ್ಲ. ದಾರಿ ಮಾತ್ರ ಮೊದಲಿಗಿಂತ ಚೊಕ್ಕವಾಗಿದೆ" ಎಂದರು. ನನ್ನ ಇಂಜೆಕ್ಷನ್ನುಗಳು ನಾಳೆಯಿಂದ.

ಹೊರಗೆ ಬಂದು ಸುಖೇಶ ರಸ್ತೆ ಬದಿಯಲ್ಲೇ ಕೂತು ಅತ್ತ. ನಾನು ಛತ್ರಿ ಹಿಡಿದು ನಿಂತೆ. ಜನ ನೋಡುತ್ತಾರೆ ಎಂದು ಛತ್ರಿ ತಗ್ಗಿಸಿದೆ, ಅಷ್ಟೇ.

ಸೆಪ್ಟೆಂಬರ್ 19, ಶುಕ್ರವಾರ

ನಿನ್ನೆ ಅಂಡಾಣು ತೆಗೆದರು. ಹೊಟ್ಟೆ ಹಿಂಡುತ್ತಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಪಿತೃಪಕ್ಷದಲ್ಲಿ ಯಾರಾದರೂ ಇಂಥದ್ದು ಮಾಡಿಸುತ್ತಾರಾ ಎಂದು ಅತ್ತೆ ಹಟ ಹಿಡಿದಿದ್ದರು. ಅಂಡಾಣು ಪಂಚಾಂಗ ನೋಡಿ ಬೆಳೆಯುವುದಿಲ್ಲ ಎಂದು ಮೇಡಂ ಫೋನಿನಲ್ಲೇ ಇತ್ಯರ್ಥ ಮಾಡಿದರು.

ಇನ್ನು ಗಲ್ಲಾ? ಸುಖೇಶ ಕೂರುವ ಹಾಗಿಲ್ಲ, ನಾನು ಏಳುವ ಹಾಗಿಲ್ಲ. "ಬಿಸಿಯಂತೆ, ಗೋಡೆಯಂತೆ! ಎಂಥ ಬಿಸಿ ಉಂಟು ನಾನೂ ನೋಡ್ತೇನೆ" ಎಂದು ಅತ್ತೆ ನಿನ್ನೆ ಬೆಳಿಗ್ಗೆ ಪಟ್ಟೆ ಸೀರೆ ಉಟ್ಟು ಸ್ವತಃ ಹೊರಟರು. ನನ್ನ ಥರ್ಮೋಕೋಲನ್ನು ಕಸವೆಂದು ಎತ್ತಿ ಎಸೆದರಂತೆ.

ಮುಂದಿನದನ್ನು ಮಾಂತು ಫೋನಿನಲ್ಲಿ ವರದಿ ಮಾಡಿದ. "ಅಕ್ಕಾರ, ಅಮ್ಮಾರು ಮೊದಲ ಸೆರಗಿಲೆ ಗಾಳಿ ಹಾಕ್ಕೊಂಡ್ರು. ಆಮ್ಯಾಲೆ ಮೆನು ಕಾರ್ಡಿಲೆ. ಆಮ್ಯಾಲೆ ಎದ್ದು ನಿಂತು ಬಿಲ್ ತಗೊಂಡ್ರು. ಮಧ್ಯಾಹ್ನಕ್ಕ ಫ್ರಿಡ್ಜಿನ ಬಾಗಲಾ ತಗದು ಅದರ ಮುಂದ ನಿಂತಿದ್ರು, ಮೊಸರು ಹುಡುಕೂ ನೆವಾ ಮಾಡಿ. ಭಾಳ ಹೊತ್ತು ಹುಡುಕಿದ್ರು ನೋಡ್ರಿ."

ಮನೆಗೆ ಬಂದವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಮಗನ ಬೆನ್ನನ್ನೇ ನೋಡಿದರು. "ಗಂಜಿ ಕುಡಿದ್ಯಾ?" ಎಂದು ನನ್ನನ್ನು ಕೇಳಿ ಹೋದರು.

ಇವತ್ತು ಬೆಳಗ್ಗೆ ಬಡಗಿಯನ್ನೂ ಗ್ರಾನೈಟಿನವರನ್ನೂ ಕರೆಸಿ, ಗಲ್ಲಾವನ್ನು ಬಾಗಿಲ ಬಳಿಗೆ ಜರುಗಿಸಿದ್ದಾರೆ. ಗ್ರಹಗತಿ ಬದಲಾಗಿದೆ, ಈಗ ಈಶಾನ್ಯವೇ ಸರಿ ಎಂದು ವಾಸ್ತುವಿನವರು ಹೇಳಿದರಂತೆ. ವಾಸ್ತುವಿನವರಿಗೆ ಯಾರೂ ಫೋನೇ ಮಾಡಿಲ್ಲವೆಂದು ಮಾವ ಪಿಸುಗುಟ್ಟಿದರು.

ನೋಡು ಎಂಥ ಚತುರೆ! ತಪ್ಪು ಒಪ್ಪಿಕೊಳ್ಳದೆ ಕಟ್ಟೆಯನ್ನೇ ಒಡೆಸಿದರು. ಕ್ಷಮಿಸಿಲ್ಲ, ಬರೆದಿಡುತ್ತೇನೆ.

ಸೆಪ್ಟೆಂಬರ್ 23, ಮಂಗಳವಾರ

ಭ್ರೂಣವನ್ನು ಒಳಗಿಟ್ಟರು. ಪರದೆಯ ಮೇಲೆ ಒಂದು ಬಿಳಿ ಚುಕ್ಕೆ. ಈ ಸಲದ್ದು ಐದನೇ ದಿನದವರೆಗೂ ಚೆನ್ನಾಗಿ ಬೆಳೆದಿದೆಯಂತೆ.

ಸುಖೇಶ ನನ್ನ ಕೈ ಹಿಡಿದಿದ್ದ. ಬೈಯಲು ಏನೂ ನೆನಪಾಗಲಿಲ್ಲ.

ಅಕ್ಟೋಬರ್ 6, ಸೋಮವಾರ

ರಕ್ತ ಕೊಟ್ಟದ್ದು ಬೆಳಿಗ್ಗೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಗಲ್ಲಾಕ್ಕೆ ಬಂದೆ. ಮೇಡಂ ಒಪ್ಪಿದ್ದರು, ಅತ್ತೆ ಒಪ್ಪದೆ ನನ್ನ ಜೊತೆಗೇ ಬಂದು ಸ್ಟೂಲಿನಲ್ಲಿ ಕೂತರು. ಸುಖೇಶ ಟೇಬಲ್ ಒರೆಸುತ್ತಿದ್ದ. ಈಚೆಗೆ ಅವನ ಕೆಲಸ ಅದೇ. ಗಲ್ಲಾ ವಾಪಸ್ ಕೊಡುತ್ತೀಯಾ ಎಂದು ಮೊನ್ನೆ ಕೇಳಿದ. ಅರ್ಜಿ ಪರಿಶೀಲನೆಯಲ್ಲಿದೆ ಎಂದೆ.

ಊಟದ ಹೊತ್ತು ಕ್ಲಿನಿಕ್ಕಿನಿಂದ ಫೋನು ಬಂತು. ಪಾಸಿಟಿವ್. ಹಾರ್ಮೋನಿನ ಮಟ್ಟವೂ ಚೆನ್ನಾಗಿದೆ, ಆದರೆ ಹೃದಯಬಡಿತ ಕಾಣುವವರೆಗೆ ಊರಿಗೆಲ್ಲ ಹೇಳಬೇಡಿ ಎಂದರು ಪರಾಂಜಪೆ ಮೇಡಂ. ಸುಖೇಶ ಒದ್ದೆ ಬಟ್ಟೆಯನ್ನು ಎದೆಗವಚಿಕೊಂಡು ನಿಂತುಬಿಟ್ಟ. ನಾನು ಗಿರಾಕಿಗೆ ಕೊಡಬೇಕಾದ ಸೋಂಪಿನ ತಟ್ಟೆಯನ್ನು ನನ್ನ ಬಾಯಿಗೇ ಸುರಿದುಕೊಂಡೆ.

ಅತ್ತೆ ಅಷ್ಟರಲ್ಲಿ ಊರಿಗೆ ಹೇಳಲು ಶುರುಮಾಡಿದ್ದರು. ಠಾಣೆ ಚಿಕ್ಕಮ್ಮನಿಗೆ ಫೋನು. ಒಂದು ಕಡೆ ಅಡುಗೆಮನೆಯ ಮಿಕ್ಸರ್ ಗರಗರ ಎನ್ನುತ್ತಿತ್ತು, ಅದನ್ನು ಮೀರಿಸುವ ದನಿ ಅತ್ತೆಯದು.

"ಹೌದು ಮಾರಾಯ್ತಿ, ನಿಂತಿದೆ! ಎಲ್ಲ ನಾನು ಗಲ್ಲಾ ಜರುಗಿಸಿದ್ದಕ್ಕೆ ಆದದ್ದು. ಮತ್ತೆಂತ? ಅಷ್ಟು ವರ್ಷ ಆ ಭಟ್ಟಿ ಗೋಡೆಗೆ ಕೂತು ಕೂತು ನಮ್ಮ ಸುಖೇಶನದ್ದು ಒಳಗೆಲ್ಲ ಹಾಳಾಗಿತ್ತಲ್ವಾ? ನಾನು ನೋಡದಿದ್ರೆ ಯಾರು ನೋಡ್ತಿದ್ರು..."

ಅಲ್ಲಿಗೆ ನಿಂತರು.

ಗಲ್ಲಾ ಜರುಗಿಸುವ ಹೊತ್ತಿಗೆ ಮೂರು ತಿಂಗಳ ಪಥ್ಯ ಮುಗಿದು ಅಂಡಾಣುವೂ ಹೊರಗೆ ಬಂದಾಗಿತ್ತು, ಅದಿರಲಿ. ಕೀರ್ತಿ ಬೇಕಾದರೆ ರೋಗ ಒಪ್ಪಿಕೊಳ್ಳಬೇಕು. ರೋಗ ಇಲ್ಲವೆಂದರೆ ಕೀರ್ತಿಯೂ ಇಲ್ಲ. ಇದು ಅತ್ತೆಗೆ ಹೊಳೆದದ್ದು ಅವರ ಮುಖದ ಮೇಲೆ ನನಗೆ ಕಾಣಿಸಿತು. ಮೆಲ್ಲಗೆ ನನ್ನತ್ತ ತಿರುಗಿದರು.

ನಾನು ಒಳ್ಳೆಯ ಸೊಸೆ. ಕಟ್ಟೆಯ ಮೇಲಿಂದ ಬಾಗಿ, ಅತಿ ವಿನಯದಿಂದ, "ಅತ್ತೆ, ಮಿಕ್ಸರ್ ಶಬ್ದಕ್ಕೆ ಚಿಕ್ಕಮ್ಮನಿಗೆ ಸರಿ ಕೇಳಿಸಿರಲಿಕ್ಕಿಲ್ಲ. ಯಾರದ್ದು ಹಾಳಾಗಿತ್ತು ಅಂತ ಇನ್ನೊಮ್ಮೆ ಹೇಳಿ" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

ನಾನು ಕೈಯೆತ್ತಿ ಮಾಂತುವಿಗೆ ಮಿಕ್ಸರ್ ನಿಲ್ಲಿಸಲು ಸನ್ನೆ ಮಾಡಿದೆ.

"ಸುಖೇಶನದ್ದು" ಎಂದರು ಅತ್ತೆ. "ಭವ್ಯಂದು ಎಂತದೂ ಇರ್ಲಿಲ್ಲ."

ಕೊನೆಯ ಟೇಬಲ್ಲಿನವರೂ ತಿರುಗಿ ನೋಡಿದರು.